ಇಲ್ಲದ ಕುದುರೆಗೂ ನ್ಯಾಯದ ತಕ್ಕಡಿ

ಕುದುರೆ ಎಂದೊಡನೆ ನೆನಪಾಗುವುದು ರೇಸು. ಆದರೆ ಓಟವಿಲ್ಲದ ಸ್ಪರ್ಧೆಗಳೂ ಉಂಟು. ಅಂಗಸೌಷ್ಠವ, ನಡಿಗೆ, ಸವಾರನಿಗೆ ತೋರುವ ವಿಧೇಯತೆ ಇವನ್ನೆಲ್ಲ ತೂಗಿ ಬಹುಮಾನ ಕೊಡುವ ಪ್ರದರ್ಶನಗಳು ಯೂರೋಪು, ಅಮೆರಿಕಗಳಲ್ಲಿ ಜನಪ್ರಿಯ. ಲಾಯ ಕಟ್ಟುವ ಶಕ್ತಿಯಿಲ್ಲದವರೂ ಕಂಪ್ಯೂಟರಿನಲ್ಲೇ ಕುದುರೆ ಸಾಕಿ, ಪಳಗಿಸಿ, ಪ್ರದರ್ಶನಕ್ಕಿಳಿಸುವ ಆಟಗಳು ಈಗ ಇವೆ. ಕುದುರೆ ಸುಳ್ಳಾದರೂ ಅನ್ಯಾಯವಾಗಿ ಸೋತ ಮಗುವಿನ ಬೇಸರ ಸುಳ್ಳಲ್ಲ.

ಓಟದಲ್ಲಿ ತೀರ್ಪು ಹೇಳಲು ಗೆರೆಯಿದೆ, ಗಡಿಯಾರವಿದೆ. ಪ್ರದರ್ಶನದಲ್ಲಿ ತೀರ್ಪುಗಾರನ ಕಣ್ಣೇ ಪ್ರಮಾಣ. ಆ ಕಣ್ಣು ಎಷ್ಟು ವಾಲಬಲ್ಲದು ಎಂಬುದಕ್ಕೆ 1956ರ ಒಲಿಂಪಿಕ್ಸ್ ಸಾಕ್ಷಿ. ಹೊರಗಿನ ಪ್ರಾಣಿಗಳ ಬಗ್ಗೆ ಆಸ್ಟ್ರೇಲಿಯಾದ ಕಾನೂನು ಬಿಗಿಯಾಗಿದ್ದರಿಂದ ಕುದುರೆ ಸ್ಪರ್ಧೆಗಳು ಮೆಲ್ಬರ್ನ್ ಬಿಟ್ಟು ಸ್ಟಾಕ್‌ಹೋಮಿನಲ್ಲಿ ನಡೆದವು. ನಡಿಗೆಯ ಸೊಗಸನ್ನು ಅಳೆಯುವ ಡ್ರೆಸಾಜ್ ಸ್ಪರ್ಧೆಯಲ್ಲಿ ಜರ್ಮನಿಯ ತೀರ್ಪುಗಾರರು ತಮ್ಮ ದೇಶದ ಮೂವರಿಗೆ, ಸ್ವೀಡನ್ನಿನವರು ತಮ್ಮ ಮೂವರಿಗೆ ಮೊದಲ ಮೂರು ಸ್ಥಾನ ಕೊಟ್ಟರು! 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ತಂಡ ಸ್ಪರ್ಧೆಯೇ ಇರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಂಗಣದ ಸುತ್ತ ಏಳು ತೀರ್ಪುಗಾರರು ಕುಳಿತರು. ಎಲ್ಲರ ಅಂಕಗಳ ಸರಾಸರಿಯಿಂದ ಒಬ್ಬರ ಪಕ್ಷಪಾತದ ಬಲ ಕುಗ್ಗುತ್ತದೆ.

ಕಂಪ್ಯೂಟರಿಗೆ ಸ್ವದೇಶಾಭಿಮಾನವಿಲ್ಲ, ನಿಜ. ಅಲ್ಲಿನ ತೊಡಕೇ ಬೇರೆ. ಒಂದು ಕುದುರೆಯ ಅರ್ಹತೆ 80 ಅಂಕ, ಇನ್ನೊಂದರದು 70 ಎನ್ನೋಣ. ಅದೃಷ್ಟಕ್ಕೂ ಜಾಗವಿರಲೆಂದು ದಾಳ ಹಾಕಿ ಬಿದ್ದ ಸಂಖ್ಯೆಯನ್ನು ಕೂಡಿಸಿದರೆ ಎರಡನೆಯದಕ್ಕೆ ಸಿಗುವುದು ಹೆಚ್ಚೆಂದರೆ 76. ಮೊದಲನೆಯದಕ್ಕೆ ಕಡಿಮೆಯೆಂದರೂ 81. ಅಂದರೆ ಹೊಸಬ ಎಂದೂ ಗೆಲ್ಲಲಾರ. ದಾಳದ ಬದಲು 1ರಿಂದ 100ರವರೆಗಿನ ಚೀಟಿ ಎತ್ತಿದರೆ? ಆಗ ಎರಡನೆಯದು ನೂರರಲ್ಲಿ ಸುಮಾರು 40 ಸಲ ಗೆದ್ದುಬಿಡುತ್ತದೆ. ತಿಂಗಳುಗಟ್ಟಲೆ ಪಳಗಿಸಿದವನ ಶ್ರಮ ಆಗ ಲಾಟರಿಯ ಪಾಲು. ನ್ಯಾಯ ಇರುವುದು ಇವೆರಡರ ನಡುವೆ.

ಅದೃಷ್ಟವನ್ನು ಹಿಗ್ಗಿಸದೆ ಹೊಸಬರಿಗೆ ದಾರಿ ಮಾಡಿಕೊಡಲು ನಿಜವಾದ ಪ್ರದರ್ಶನಗಳಲ್ಲೇ ಉಪಾಯವಿದೆ. ನಿರ್ದಿಷ್ಟ ಸಂಖ್ಯೆಯ ಬಹುಮಾನ ಗಳಿಸಿದ ಕುದುರೆ ಆರಂಭಿಕರ ವರ್ಗಕ್ಕೆ ಮತ್ತೆ ಬರುವಂತಿಲ್ಲ. ಆಟಕ್ಕೂ ಇದು ಒಪ್ಪುತ್ತದೆ. ಜೊತೆಗೆ, ಒಬ್ಬನೇ ಹತ್ತು ಹೆಸರಿನಲ್ಲಿ ಕುದುರೆ ಇಳಿಸದಂತೆ ಮಿತಿಯೂ ಬೇಕು. ತೀರ್ಪು ಕೊಡುವವನ ಕುದುರೆ ಕಣದಲ್ಲಿ ಇರಕೂಡದು.

ಎಲ್ಲಕ್ಕಿಂತ ಮುಖ್ಯವಾಗಿ, ನಿಯಮ ಆಟಕ್ಕೆ ಮೊದಲೇ ಎಲ್ಲರಿಗೂ ತಿಳಿದಿರಬೇಕು. ಏಕೆ ಸೋತೆನೆಂದು ತಿಳಿದವನು ನಾಳೆ ಮತ್ತೆ ಆಡಲು ಬರುತ್ತಾನೆ. ತಿಳಿಯದವನು ಆಟವನ್ನೇ ಬಿಡುತ್ತಾನೆ.