ವೇಗವರ್ಧಕ ಡಿಎನ್‌ಎ ಸಂವೇದಕ

ವೇಗವರ್ಧಕ ಡಿಎನ್‌ಎ ಅಥವಾ ಡಿಎನ್‌ಎಜೈಮ್ ಎಂಬುದು ಕಿಣ್ವದಂತೆ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ಕೃತಕ ಡಿಎನ್‌ಎ ಎಳೆ. ಇದನ್ನು 1994ರಲ್ಲಿ ಅಮೆರಿಕದ ರೊನಾಲ್ಡ್ ಬ್ರೇಕರ್ ಮತ್ತು ಜೆರಾಲ್ಡ್ ಜಾಯ್ಸ್ ಮೊದಲಿಗೆ ವರದಿ ಮಾಡಿದರು.

ರೋಗಪತ್ತೆಗಾಗಿ ಈ ಎಳೆಯನ್ನು ಎರಡು ನಿಷ್ಕ್ರಿಯ ತುಂಡುಗಳಾಗಿ ವಿಭಜಿಸಲಾಗುತ್ತದೆ. ಮಾದರಿಯಲ್ಲಿ ರೋಗಾಣುವಿನ ನಿರ್ದಿಷ್ಟ ಜೀನು ಇದ್ದರೆ ತುಂಡುಗಳೆರಡೂ ಅದಕ್ಕೆ ಅಕ್ಕಪಕ್ಕದಲ್ಲಿ ಅಂಟಿ ಸಕ್ರಿಯಗೊಳ್ಳುತ್ತವೆ. ಸೂಚಕ ಎಳೆಗಳನ್ನು ಒಂದಾದ ಮೇಲೊಂದರಂತೆ ಕತ್ತರಿಸಿ ಬೆಳಕಿನ ಸಂಕೇತವನ್ನು ಹೊಮ್ಮಿಸುತ್ತವೆ.

2020ರ ಮೇ ತಿಂಗಳಲ್ಲಿ, ಮುಂಬಯಿಯಿಂದ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಮರಳಿದ ಅನೇಕರಲ್ಲಿ ಕೋವಿಡ್ ದೃಢಪಟ್ಟಿತು. ಅದರ ಪತ್ತೆಗೆ ಬಳಸಿದ ಆರ್‌ಟಿ-ಪಿಸಿಆರ್ ವಿಧಾನಕ್ಕೆ ತಾಪಮಾನವನ್ನು ಏರಿಳಿಸುವ ಯಂತ್ರವೂ ಪ್ರೋಟೀನ್ ಕಿಣ್ವಗಳೂ ಅಗತ್ಯ. ಡಿಎನ್‌ಎಜೈಮ್ ಒಂದೇ ತಾಪಮಾನದಲ್ಲಿ ಕೆಲಸ ಮಾಡಬಲ್ಲದು, ಸುಲಭವಾಗಿ ಕೆಡದು. ಆದುದರಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಒಗ್ಗಬಲ್ಲದು. ಆದರೆ ರೋಗಾಣುಗಳು ವಿರಳವಾಗಿದ್ದಲ್ಲಿ ಅವುಗಳ ಜೀನನ್ನು ಸಾಮಾನ್ಯವಾಗಿ ಮೊದಲು ವರ್ಧಿಸಿಕೊಳ್ಳಬೇಕಾಗುತ್ತದೆ.