ಒಂದೇ ಸೂರಿನಡಿ ಇಬ್ಬರು ಚಿತ್ರಕಾರರು



ಬದುಕಿದ್ದಾಗ ಒಬ್ಬರನ್ನೊಬ್ಬರು ಭೇಟಿಯಾಗದ ಇಬ್ಬರು ಚಿತ್ರಕಾರರನ್ನು ಒಂದು ಸಂಗ್ರಹಾಲಯವು ಜೊತೆಯಾಗಿ ತೋರಿಸಿದ್ದೇಕೆ? ಇಂದು ಅದನ್ನು ತಿಳಿಯೋಣ.

2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದಲ್ಲಿ ಈ ಪ್ರದರ್ಶನ ನಡೆಯಿತು. ಒಬ್ಬರು ಸ್ವೀಡನ್ನಿನ ಮಹಿಳೆ ಹಿಲ್ಮಾ ಆಫ್ ಕ್ಲಿಂಟ್, ಇನ್ನೊಬ್ಬರು ಹಾಲೆಂಡಿನ ಪೀಟ್ ಮೊಂಡ್ರಿಯಾನ್. ಇಬ್ಬರೂ ಅಮೂರ್ತ ಚಿತ್ರಗಳಿಗೆ ಹೆಸರಾದವರು. ಅಮೂರ್ತವೆಂದರೆ, ಇದು ಮರ, ಇದು ಮನೆ ಎಂದು ಗುರುತಿಸಲಾಗದ, ಬರೀ ಗೆರೆ ಬಣ್ಣಗಳಲ್ಲೇ ಹೇಳಬೇಕಾದುದನ್ನು ಹೇಳುವ ಚಿತ್ರ.

ಮೊದಲು ಹೋಲಿಕೆ ನೋಡಿ. ಇಬ್ಬರೂ ಹೂವು, ಮರ, ಬಯಲುಗಳನ್ನು ಬರೆದು ಕೈ ಪಳಗಿಸಿಕೊಂಡವರು. ಇಬ್ಬರನ್ನೂ ಥಿಯಾಸಫಿ ಸೆಳೆದಿತ್ತು. ಚೆನ್ನೈನ ಅಡ್ಯಾರಿನಲ್ಲಿ ಮುಖ್ಯ ಕಚೇರಿಯುಳ್ಳ ಸಂಸ್ಥೆಯ ವಿಚಾರವದು. ಕಣ್ಣಿಗೆ ಕಾಣುವುದರ ಹಿಂದೆ ಕಾಣದ ಕ್ರಮವೊಂದಿದೆ ಎಂದು ಇಬ್ಬರೂ ನಂಬಿದ್ದರು. ಇಬ್ಬರೂ ತೀರಿಕೊಂಡದ್ದು 1944ರಲ್ಲಿ.

ಆದರೆ ಹಿಡಿದ ದಾರಿ ಬೇರೆ. ಹಿಲ್ಮಾ 1907ರಲ್ಲಿ ಬಾಲ್ಯದಿಂದ ಮುಪ್ಪಿನವರೆಗಿನ ಮನುಷ್ಯಜೀವನವನ್ನು ಹತ್ತು ಚಿತ್ರಗಳಲ್ಲಿ ಬರೆದರು. ಒಂದೊಂದೂ 3 ಮೀಟರಿಗಿಂತ ಎತ್ತರ. ಸುರುಳಿ, ದಳ, ಬಳ್ಳಿ, ಅಕ್ಷರ ಎಲ್ಲವೂ ಅವುಗಳಲ್ಲಿವೆ. ಮೊಂಡ್ರಿಯಾನ್ ಮರವನ್ನು ಬರೆಯುತ್ತ ಬರೆಯುತ್ತ ಎಲೆ ಬಿಟ್ಟರು, ಕೊಂಬೆ ಬಿಟ್ಟರು. ಕೊನೆಗೆ ಅಡ್ಡ ಮತ್ತು ನೆಟ್ಟನೆಯ ಕಪ್ಪು ಗೆರೆ, ಬಿಳಿ ಹಿನ್ನೆಲೆ, ಕೆಂಪು, ಹಳದಿ, ನೀಲಿ ಇಷ್ಟನ್ನೇ ಉಳಿಸಿಕೊಂಡರು. ಬ್ಯಾಂಕಿನಲ್ಲಿ ಲೆಕ್ಕ ಬರೆದ ನನ್ನ ಭಾಷೆಯಲ್ಲಿ ಹೇಳುವುದಾದರೆ, ಆಕೆಯದು ಕೂಡುವ ಲೆಕ್ಕ, ಅವರದು ಕಳೆಯುವ ಲೆಕ್ಕ.

ಇಬ್ಬರ ಹಣೆಬರಹವೂ ಒಂದಲ್ಲ. ಮೊಂಡ್ರಿಯಾನ್ ಬದುಕಿದ್ದಾಗಲೇ ಹೆಸರು ಪಡೆದರು. ತಾನು ಸತ್ತು 20 ವರ್ಷ ಕಳೆಯುವವರೆಗೆ ಈ ಚಿತ್ರಗಳನ್ನು ಯಾರಿಗೂ ತೋರಿಸಬಾರದೆಂಬುದು ಹಿಲ್ಮಾರ ಇಚ್ಛೆಯಾಗಿತ್ತು. ಅವರ ಅಮೂರ್ತ ಚಿತ್ರಗಳು ಲೋಕದ ಗಮನಕ್ಕೆ ಬಂದದ್ದು 1986ರ ಲಾಸ್ ಏಂಜಲೀಸ್ ಪ್ರದರ್ಶನದಲ್ಲಿ.

ಇಲ್ಲಿಯೇ ಜೋಡಿ ಪ್ರದರ್ಶನದ ಅಪಾಯವೂ ಇದೆ. ಅಕ್ಕಪಕ್ಕ ಕಂಡವರು ಒಬ್ಬರಿಂದೊಬ್ಬರು ಕಲಿತಿರಬೇಕೆಂದು ನೋಡುವವರು ಭಾವಿಸಬಹುದು. ತಡವಾಗಿ ಬೆಳಕಿಗೆ ಬಂದವರು ಹೆಸರಾಂತರ ನೆರಳಿನಂತೆ ಕಾಣಲೂಬಹುದು. ಲಾಭವೂ ಅಲ್ಲಿಯೇ ಇದೆ. ಹಿಲ್ಮಾರ ಸುರುಳಿಗಳನ್ನು ಕಂಡ ಕಣ್ಣಿಗೆ ಮೊಂಡ್ರಿಯಾನರ ನೇರ ಗೆರೆ ತಾನಾಗಿ ಬಂದದ್ದಲ್ಲ, ಬೇಕೆಂದೇ ಆರಿಸಿಕೊಂಡದ್ದು ಎಂದು ತಿಳಿಯುತ್ತದೆ.

ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡುವ ನಿಮಗೆ ಇದು ಹೊಸದಲ್ಲ. ಕನ್ನಡದ ಒಂದು ಮಾತಿನ ಸೊಗಸು, ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಹೊರಟಾಗಲೇ ಚೆನ್ನಾಗಿ ತಿಳಿಯುತ್ತದಲ್ಲವೇ? ಆಗ ಯಾವ ಭಾಷೆ ದೊಡ್ಡದೆಂದು ನೀವು ಕೇಳುವುದಿಲ್ಲ. ಜೋಡಿ ಚಿತ್ರಗಳನ್ನೂ ಹಾಗೆಯೇ ನೋಡಬೇಕು.