ವಿಡಿಯೊ ಟೇಪಿನಿಂದ ಡಿಜಿಟಲ್ ತಟ್ಟೆಗೆ

ಮದುವೆ, ಉಪನಯನ, ನಾಮಕರಣಗಳನ್ನು ವಿಡಿಯೊ ಟೇಪಿನಲ್ಲಿ ಮುದ್ರಿಸಿಡುವ ರೂಢಿ 1980 ಮತ್ತು 1990ರ ದಶಕಗಳಲ್ಲಿ ನಮ್ಮ ನಾಡಿನಲ್ಲಿ ಹಬ್ಬಿತು. ಅಂತಹ ಕ್ಯಾಸೆಟ್ಟುಗಳು ಅನೇಕ ಮನೆಗಳ ಬೀರುಗಳಲ್ಲಿ ಇಂದಿಗೂ ಇವೆ. ಈಗ ನಮ್ಮೊಡನಿಲ್ಲದ ಅಜ್ಜ ಅಜ್ಜಿಯರ ನಡೆನುಡಿಗಳು ಅವುಗಳಲ್ಲಿ ಅಡಗಿರಬಹುದು. ಆದರೆ ಬೀರುವಿನೊಳಗಿದ್ದ ಮಾತ್ರಕ್ಕೆ ಅವು ಸುರಕ್ಷಿತವೆಂದು ನಾವು ನಂಬಬಹುದೆ?

ಟೇಪಿನ ರಚನೆಯನ್ನು ಮೊದಲು ನೋಡೋಣ. ಜಪಾನಿನ ಜೆ.ವಿ.ಸಿ. ಸಂಸ್ಥೆಯು 1976ರಲ್ಲಿ ಬಳಕೆಗೆ ತಂದ ವಿ.ಎಚ್.ಎಸ್. ಟೇಪಿನ ಅಗಲ 12.7 ಮಿಲಿಮೀಟರ್. ಪಾಲಿಯೆಸ್ಟರ್ ಪಟ್ಟಿಯ ಮೇಲೆ, ಅಂಟಿನಂತಹ ಪದಾರ್ಥದಲ್ಲಿ ಹುದುಗಿಸಿದ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳ ಲೇಪವಿರುತ್ತದೆ. ಈ ಕಣಗಳ ಕಾಂತತ್ವದಲ್ಲಿಯೇ ಚಿತ್ರವು ಅಡಗಿದೆ. ಟೇಪು ಚಲಿಸುವಾಗ, ಓರೆಯಾಗಿ ನಿಲ್ಲಿಸಿದ ಉರುಳೆಯೊಂದು ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಂತೆ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದಕ್ಕೆ ಜೋಡಿಸಿದ ‘ಹೆಡ್’ ಎಂಬ ಪುಟ್ಟ ಸಾಧನಗಳು ಆ ಕಾಂತತ್ವವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ.

ಈ ಲೇಪವು ಶಾಶ್ವತವಲ್ಲ. ಗಾಳಿಯ ತೇವವು ಅಂಟನ್ನು ಕ್ರಮೇಣ ವಿಘಟಿಸುತ್ತದೆ, ಬೂಷ್ಟು ಹಿಡಿಯುತ್ತದೆ. ಕರಾವಳಿ ಮಲೆನಾಡುಗಳ ಮಳೆಗಾಲವಂತೂ ಟೇಪಿನ ಶತ್ರು. ಮತ್ತೊಂದು ಟೇಪಿಗೆ ಪ್ರತಿ ತೆಗೆದರೆ ಪ್ರತಿ ಸಲವೂ ಚಿತ್ರ ಇನ್ನಷ್ಟು ಮಸಕಾಗುತ್ತದೆ. ಟೇಪನ್ನು ಓದುವ ಯಂತ್ರಗಳೂ ವಿರಳವಾಗುತ್ತಿವೆ. ಬಹುಕಾಲ ಅವನ್ನು ತಯಾರಿಸಿದ ಜಪಾನಿನ ಫುನಾಯ್ ಸಂಸ್ಥೆಯು 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿತು.

ಆದುದರಿಂದ ಚಿತ್ರವನ್ನು ಅಂಕಿಗಳಾಗಿ ಬರೆದಿಡಬೇಕು. ಪರಿವರ್ತಕವೆಂಬ ಉಪಕರಣವು ಸಂಕೇತವನ್ನು ಅಳೆದು, ಪ್ರತಿಯೊಂದು ಚಿತ್ರವನ್ನೂ 576 ಸಾಲುಗಳಾಗಿಯೂ ಸಾಲೊಂದನ್ನು 720 ಬಿಂದುಗಳಾಗಿಯೂ ವಿಭಜಿಸುತ್ತದೆ. ಅಂಕಿಗಳನ್ನು ಎಷ್ಟು ಬಾರಿ ಪ್ರತಿ ಮಾಡಿದರೂ ಅವು ಮಸಕಾಗುವುದಿಲ್ಲ. ಆದರೆ ಒಂದು ಗಂಟೆಯ ಚಿತ್ರದ ಅಂಕಿಗಳು ಸುಮಾರು 75 ಗಿಗಾಬೈಟ್; ಒಂದೇ ಪದರದ ಡಿ.ವಿ.ಡಿ. ತಟ್ಟೆ ಹಿಡಿಸುವುದು 4.7 ಗಿಗಾಬೈಟ್ ಮಾತ್ರ! ಇದಕ್ಕೆ ಉಪಾಯವುಂಟು. ಮದುವೆ ಮಂಟಪದ ಹಿಂದಿನ ಗೋಡೆ ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲವಷ್ಟೆ? ಬದಲಾಗದ ಭಾಗಗಳನ್ನು ಮತ್ತೆ ಮತ್ತೆ ಬರೆಯದೆ, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವಿವರಗಳನ್ನು ಬಿಟ್ಟು, ಗಣಕವು ಈ ರಾಶಿಯನ್ನು ಸಂಕ್ಷೇಪಿಸುತ್ತದೆ.

ಈ ಕೆಲಸದಲ್ಲಿ ಅವಸರ ಸಲ್ಲದು. ಒಂದು ಗಂಟೆಯ ಟೇಪನ್ನು ಓದಲು ಒಂದು ಗಂಟೆಯೇ ಬೇಕು. ಬೂಷ್ಟು ಹಿಡಿದ ಟೇಪನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಬಾರದು. ಹಾಕಿದರೆ ಹೆಡ್ಡುಗಳು ಮಲಿನವಾಗಿ ಬೂಷ್ಟು ಇತರ ಟೇಪುಗಳಿಗೂ ಅಂಟಬಹುದು.

ತಟ್ಟೆಯೂ ಅಮರವಲ್ಲವೆಂಬುದನ್ನು ಮರೆಯಬಾರದು. ಮನೆಯಲ್ಲಿ ಬರೆಯುವ ತಟ್ಟೆಗಳಲ್ಲಿ ಸಾಮಾನ್ಯವಾಗಿ ಇರುವ ವರ್ಣದ್ರವ್ಯವು ಬಿಸಿಲು ಸೆಕೆಗಳಿಂದ ಕೆಡುತ್ತದೆ. ಆದುದರಿಂದ ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟು, ಕೆಲವು ವರ್ಷಗಳಿಗೊಮ್ಮೆ ಹೊಸ ಪ್ರತಿ ತೆಗೆಯುವುದು ಒಳ್ಳೆಯದು.

ನಮ್ಮ ತರುಣ ವಾಚಕರು ರಜೆಯಲ್ಲಿ ಈ ಕಾರ್ಯವನ್ನು ಕೈಗೊಳ್ಳಬಹುದು. ಜೊತೆಗೆ, ಚಿತ್ರದಲ್ಲಿರುವವರು ಯಾರು ಯಾರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಲಿ. ಆ ತಿಳಿವಳಿಕೆಯನ್ನು ಯಾವ ಯಂತ್ರವೂ ಟೇಪಿನಿಂದ ತೆಗೆದುಕೊಡಲಾರದು.